‘ಹೊಸದು’ ಅಂತ ಬರೆದ ಡಬ್ಬದಲ್ಲಿ ಈಗ ಬರೀ ಹಳೆಯದೇ ಇದೆ, ಹೇಗೆ ವಿಂಗಡಿಸಲಿ?

ಹಳೇ ಮೌಸ್:

ಎಲ್ಲರಿಗೂ ನಮಸ್ಕಾರ. ಹಳೆ ಕಂಪ್ಯೂಟರ್ ಎಸೆಯಲು ಮನಸ್ಸು ಬಾರದವರ ಪೈಕಿ ನಾನೂ ಒಬ್ಬಳು. ಸದ್ಯಕ್ಕೆ ಕೋಣೆಯಲ್ಲಿ ಹನ್ನೊಂದು ಯಂತ್ರಗಳಿವೆ. ಬಿಡಿಭಾಗಗಳದ್ದೇ ಮೂರು ದೊಡ್ಡ ರಟ್ಟಿನ ಡಬ್ಬ.

2007ರಲ್ಲಿ ಒಂದು ಭಾನುವಾರ ಕೂತು ಆ ಡಬ್ಬಗಳ ಮೇಲೆ ದಪ್ಪ ಮಾರ್ಕರ್‌ನಲ್ಲಿ ಬರೆದಿದ್ದೆ: ‘ಹಳೆಯದು’, ‘ನಡುವಿನದು’, ‘ಹೊಸದು’. ಹಳೆಯದು ಅಂದರೆ 486 ಮತ್ತು ಮೊದಲ ಪೆಂಟಿಯಮ್ ಪ್ರೊಸೆಸರ್‌ಗಳ ಕಾಲದ್ದು. ನಡುವಿನದು ಅಂದರೆ ಪೆಂಟಿಯಮ್ 3, ಅಥ್ಲಾನ್ ಎಕ್ಸ್‌ಪಿ. ಹೊಸದು ಅಂದರೆ ಹಿಂದಿನ ವರ್ಷವಷ್ಟೇ ಬಂದಿದ್ದ ಕೋರ್ 2 ಡ್ಯುಯೊ, ಡಿಡಿಆರ್2 ರ್ಯಾಮ್, ಸಾಟಾ ಕೇಬಲ್. ಬರೆದು ಮುಗಿಸಿ ದೂರ ನಿಂತು ನೋಡಿ ಖುಷಿಪಟ್ಟಿದ್ದೂ ನೆನಪಿದೆ.

ಡಬ್ಬಕ್ಕೂ ವಯಸ್ಸಾಗುತ್ತದೆ ಅಂತ ಆಗ ಹೊಳೆಯಲಿಲ್ಲ. ಇವತ್ತಿನ ವಿಂಡೋಸ್ 11 ಕೋರ್ 2 ಡ್ಯುಯೊವನ್ನು ಹತ್ತಿರಕ್ಕೂ ಸೇರಿಸುವುದಿಲ್ಲ, ಡಬ್ಬ ಮಾತ್ರ ಇನ್ನೂ ‘ಹೊಸದು’ ಅನ್ನುತ್ತಾ ಕೂತಿದೆ. ಆಮೇಲೆ ಬಂದ ಡಿಡಿಆರ್3, ಡಿಡಿಆರ್4 ಎಲ್ಲವನ್ನೂ ಅದರ ಮೇಲೇ ಸುರಿದಿದ್ದೇನೆ. ಒಮ್ಮೆ ‘ತುಂಬಾ ಹೊಸದು’ ಅಂತ ನಾಲ್ಕನೇ ಡಬ್ಬ ಮಾಡಲು ಹೊರಟಿದ್ದೆ. ನಾಚಿಕೆಯಾಗಿ ಬಿಟ್ಟೆ.

ಕಳೆದ ವಾರ 486ಕ್ಕೆ 72 ಪಿನ್ನಿನ ಒಂದು ಸಿಮ್ ಬೇಕಾಯಿತು (ಮೊಬೈಲಿನದ್ದಲ್ಲ, ಹಳೆ ಕಾಲದ ರ್ಯಾಮ್ ಪಟ್ಟಿ). ಮುಕ್ಕಾಲು ಗಂಟೆ ಹುಡುಕಿದೆ. ಕೊನೆಗೆ ಸಿಕ್ಕಿದ್ದು ‘ನಡುವಿನದು’ ಡಬ್ಬದಲ್ಲಿ, ಪ್ರಿಂಟರ್ ಕೇಬಲ್ಲಿನ ಸುರುಳಿಯೊಳಗೆ.

ಈಗ ಹೇಳಿ, ನೀವು ಗೆರೆ ಎಲ್ಲಿ ಎಳೆಯುತ್ತೀರಿ? ಇಸವಿ ನೋಡಿಯೋ, ಪ್ರೊಸೆಸರ್ ನೋಡಿಯೋ? ಕೋರ್ 2 ಡ್ಯುಯೊವನ್ನು ತೆಗೆದು 486 ಪಕ್ಕ ಇಡಲು ಮನಸ್ಸು ಒಪ್ಪುತ್ತಿಲ್ಲ. ಒಂದರಲ್ಲಿ ನನ್ನ ತಂಗಿ ಈಗಲೂ ಲಿನಕ್ಸ್ ಹಾಕಿಕೊಂಡು ಟೈಪ್ ಮಾಡುತ್ತಾಳೆ, ಇನ್ನೊಂದು ಫ್ಲಾಪಿಯಿಂದ ಬೂಟ್ ಆಗುತ್ತದೆ. ಆಪಲ್‌ನ ಹಳೆ ಲ್ಯಾಪ್‌ಟಾಪ್, ಒಂದು ಪವರ್‌ಬುಕ್ ಜಿ4 ಕೂಡ ಇದೆ, ಅದು ಎಲ್ಲಿಗೂ ಸೇರದೆ ಕಿಟಕಿ ಮೇಲೆ ಕೂತಿದೆ.

ಮೂರನೇ ಸ್ಲಾಟ್:

ಇದಕ್ಕೆ ಯಾಕಿಷ್ಟು ತಲೆ ಕೆಡಿಸಿಕೊಳ್ಳುತ್ತೀರಿ? ಆಪಲ್‌ನವರ ಲೆಕ್ಕ ಹಿಡಿಯಿರಿ. ಮಾರಾಟ ನಿಲ್ಲಿಸಿ 5 ವರ್ಷ ದಾಟಿದರೆ ‘ವಿಂಟೇಜ್’, 7 ದಾಟಿದರೆ ‘ಅಬ್ಸೊಲೀಟ್’ (ಕಾಲ ಮುಗಿದದ್ದು). ಪ್ರತಿ ಜನವರಿಯಲ್ಲಿ ಒಂದು ದಿನ ಕೂತು ಈ ಡಬ್ಬದಿಂದ ಆ ಡಬ್ಬಕ್ಕೆ ಎತ್ತಿ ಹಾಕಿ, ಮುಗಿಯಿತು.

ಹಳೇ ಮೌಸ್:

ಅವರಿಗೆ ಅದು ಸರಿ ಸರ್. ಬಿಡಿಭಾಗ ಎಲ್ಲಿಯವರೆಗೆ ಇಟ್ಟುಕೊಳ್ಳಬೇಕು, ರಿಪೇರಿ ಯಾವಾಗ ನಿಲ್ಲಿಸಬೇಕು ಅನ್ನುವ ಲೆಕ್ಕ ಅದು. ನಾನು ಅದನ್ನು ಹಿಡಿದರೆ ಹನ್ನೊಂದರಲ್ಲಿ ಹತ್ತು ಯಂತ್ರ ‘ಅಬ್ಸೊಲೀಟ್’ ಡಬ್ಬಕ್ಕೇ ಬೀಳುತ್ತವೆ. ಮತ್ತೆ ಅದೇ ರಾಶಿ. ಇನ್ನು ಪ್ರತಿ ಜನವರಿ ಅಂದಿರಲ್ಲ, 2007ರಲ್ಲಿ ಬರೆದದ್ದನ್ನು ಇವತ್ತಿನವರೆಗೆ ಮುಟ್ಟದವಳು ನಾನು.

ಕೆಂಪು ಕೆಪಾಸಿಟರ್:

ಮೇಡಂ, ಡಬ್ಬಕ್ಕೆ ‘ಹೊಸದು’ ಅಂತ ಬರೆಯುವುದು ಮಗುವಿಗೆ ‘ಪಾಪು’ ಅಂತಲೇ ಹೆಸರಿಟ್ಟ ಹಾಗೆ. ಮೀಸೆ ಬಂದ ಮೇಲೂ ಪಾಪುವೇ. ‘ಡಿಡಿಆರ್2’ ಅಂತ ಬರೆದು ನೋಡಿ, ಎಷ್ಟು ವರ್ಷ ಬಿಟ್ಟು ತೆರೆದರೂ ಅದರಲ್ಲಿ ಡಿಡಿಆರ್2 ಇರುತ್ತದೆ.

ಬಿಡಿಭಾಗಗಳನ್ನು ಅವು ಎಲ್ಲಿ ಕೂರುತ್ತವೆ ಅನ್ನುವುದರ ಮೇಲೆ ವಿಂಗಡಿಸಿ. ಕಾರ್ಡ್ ಆದರೆ ಸ್ಲಾಟ್ ನೋಡಿ: ಐಎಸ್‌ಎ, ಪಿಸಿಐ, ಎಜಿಪಿ, ಪಿಸಿಐ ಎಕ್ಸ್‌ಪ್ರೆಸ್, ಅಷ್ಟೇ. ರ್ಯಾಮ್‌ನಲ್ಲಿ ಪಿನ್ ಎಣಿಸುತ್ತಾ ಕೂರಬೇಡಿ, ಅಂಚಿನ ಕಚ್ಚು ನೋಡಿ. ಹಳೆ ಎಸ್‌ಡಿರ್ಯಾಮ್‌ಗೆ ಎರಡು ಕಚ್ಚು, ಡಿಡಿಆರ್‌ನಿಂದ ಈಚೆಗೆ ಒಂದೇ. ಕಣ್ಣಿಗೆ ಮೋಸ ಮಾಡುವುದು ಡಿಡಿಆರ್2 ಮತ್ತು ಡಿಡಿಆರ್3. ಎರಡಕ್ಕೂ 240 ಪಿನ್, ಉದ್ದವೂ ಒಂದೇ. ಎರಡನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿಯಿರಿ, ಕಚ್ಚು ಬೇರೆ ಬೇರೆ ಕಡೆ ಇರುವುದು ಕಾಣುತ್ತದೆ. ಒಂದಕ್ಕೆ 1.8 ವೋಲ್ಟ್, ಇನ್ನೊಂದಕ್ಕೆ 1.5. ಅದಲು ಬದಲಾಗದಿರಲಿ ಅಂತಲೇ ಆ ಕಚ್ಚನ್ನು ಸರಿಸಿದ್ದಾರೆ. ಒತ್ತಿ ಕೂರಿಸಲು ಹೋಗಬೇಡಿ.

ಇಡೀ ಯಂತ್ರಗಳ ಮಾತು ಬೇರೆ. ಅಲ್ಲಿ ಇಸವಿ ನಂಬಿದರೆ ಕೆಟ್ಟಿರಿ. ಪೆಂಟಿಯಮ್ 4 ಬಂದಿದ್ದು 2000ದಲ್ಲಿ, ಅಥ್ಲಾನ್ ಎಕ್ಸ್‌ಪಿ 2001ರಲ್ಲಿ. ಅಥ್ಲಾನ್ ಎಕ್ಸ್‌ಪಿಯೇ ಕಿರಿಯದು, ಅಲ್ವಾ? ಆದರೆ ಅದರಲ್ಲಿ ಎಸ್‌ಎಸ್‌ಇ2 ಅನ್ನುವ ಆದೇಶಗಳ ಗುಂಪಿಲ್ಲ. ಪೆಂಟಿಯಮ್ 4ರಲ್ಲಿ ಇದೆ. ಈಚಿನ ಬ್ರೌಸರ್‌ಗಳು ಅದಿಲ್ಲದೆ ಶುರುವೇ ಆಗುವುದಿಲ್ಲ. ಹಾಗಾಗಿ ನಾನು ಮೊದಲ ಗೆರೆ ಎಳೆಯುವುದು ಅಲ್ಲಿ. ಎರಡನೆಯದು 64 ಬಿಟ್. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಅನ್ನುವ ಲಿನಕ್ಸ್ ಹಳೆ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಕೊಡುವುದನ್ನೇ ನಿಲ್ಲಿಸಿತು. ಮೂರನೆಯದು ಪಾಪ್‌ಕೌಂಟ್ ಅನ್ನುವ ಒಂದು ಪುಟ್ಟ ಆದೇಶ. ವಿಂಡೋಸ್ 11ರ 24ಎಚ್2 ಆವೃತ್ತಿ ಅದಿಲ್ಲದ ಪ್ರೊಸೆಸರ್‌ನಲ್ಲಿ ಬೂಟ್ ಆಗುವುದಿಲ್ಲ. ನಿಮ್ಮ ಕೋರ್ 2 ಡ್ಯುಯೊ ಇರುವುದು ಎರಡನೇ ಗೆರೆಗೂ ಮೂರನೇ ಗೆರೆಗೂ ನಡುವೆ. ತಂಗಿಯ ಲಿನಕ್ಸ್ ಆರಾಮಾಗಿ ನಡೆಯುತ್ತಿರುವುದು ಅದಕ್ಕೇ. 486 ಪಕ್ಕ ಇಡಲು ನಿಮ್ಮ ಮನಸ್ಸು ಒಪ್ಪದಿದ್ದದ್ದೂ ಸರಿಯೇ.

ಮ್ಯಾಕ್‌ಗೆ ಇಷ್ಟು ಕಷ್ಟವಿಲ್ಲ. 1994ರಲ್ಲಿ ಪವರ್‌ಪಿಸಿ, 2006ರಲ್ಲಿ ಇಂಟೆಲ್, 2020ರಲ್ಲಿ ಅವರದೇ ಚಿಪ್. ಗೆರೆ ಅವರೇ ಎಳೆದುಕೊಟ್ಟಿದ್ದಾರೆ. ಪವರ್‌ಬುಕ್ ಜಿ4 ಮ್ಯಾಕ್ ಓಎಸ್ 10.5 ಆವೃತ್ತಿಯಿಂದ ಮುಂದೆ ಹೋಗುವುದಿಲ್ಲ.

ಬೂಟ್ ಆಗ್ಲಿಲ್ಲ:

ವಿಂಗಡಿಸುವುದೆಲ್ಲ ಆಮೇಲೆ ಮೇಡಂ, ಮೊದಲು ಆ 486 ಬಿಚ್ಚಿ ಬ್ಯಾಟರಿ ನೋಡಿ. ಬಿಲ್ಲೆ ಥರದ ಸಿಆರ್2032 ಆದರೆ ಪರವಾಗಿಲ್ಲ. ಸಣ್ಣ ಪೀಪಾಯಿಯ ಹಾಗೆ, ನೀಲಿಯದ್ದೋ ಹಸಿರಿನದ್ದೋ ಬೋರ್ಡಿಗೇ ಬೆಸುಗೆ ಹಾಕಿದ್ದು ಇದ್ದರೆ ಇವತ್ತೇ ಕತ್ತರಿಸಿ ತೆಗೆಯಿರಿ. ಅದು ನಿಕಲ್ ಕ್ಯಾಡ್ಮಿಯಮ್. ಸೋರಿಯೇ ಸೋರುತ್ತದೆ.

ನಾನೂ ಒಂದು 486 ಬೋರ್ಡನ್ನು ‘ಅಮೂಲ್ಯ’ ಅಂತ ಚೀಟಿ ಅಂಟಿಸಿ, ಒಳ್ಳೆ ಕವರ್‌ನಲ್ಲಿ ಹಾಕಿ, ಕಪಾಟಿನ ಮೇಲಿನ ಅರೆಯಲ್ಲಿ ಆರು ವರ್ಷ ಇಟ್ಟಿದ್ದೆ. ತೆಗೆದಾಗ ಕೀಬೋರ್ಡ್ ಸಾಕೆಟ್ ಸುತ್ತ ಹಸಿರು ಬೂಷ್ಟು. ಉಗುರು ತಾಗಿಸಿದರೆ ತಾಮ್ರದ ಗೆರೆಗಳು ಪುಡಿಯಾಗಿ ಉದುರಿದವು. ಸೋರಿದ್ದು ಕ್ಷಾರ, ಹಾಗಾಗಿ ಮೊದಲು ವಿನೆಗರ್ ಹಚ್ಚಿ, ಆಮೇಲೆ ಡಿಸ್ಟಿಲ್ಡ್ ನೀರು, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್. ಎಲ್ಲ ಮಾಡಿದೆ. ಬೋರ್ಡ್ ಫಳಫಳ ಹೊಳೆಯಿತು. ಉಳಿದದ್ದು ನನ್ನ ಹೆಸರಲ್ಲೇ ಇದೆ.

ಮೂರನೇ ಸ್ಲಾಟ್:

ಸರಿ, ಜನವರಿ ಮಾತು ವಾಪಸ್ ತೆಗೆದುಕೊಂಡೆ. ಆದರೆ ಕೆಪಾಸಿಟರ್ ಅವರ ಮಾತು ಕೇಳಿ ಹದಿನೈದು ಡಬ್ಬ ಮಾಡಬೇಡಿ. ನಾನು ಮಾಡಿ ಸೋತಿದ್ದೇನೆ. ಎರಡು ಕಾರ್ಡ್ ಇರುವ ಡಬ್ಬದೊಳಗೆ ಆರು ತಿಂಗಳಲ್ಲಿ ಚಾರ್ಜರ್ ಬಂದು ಸೇರುತ್ತದೆ. ದೊಡ್ಡ ಡಬ್ಬ ಮೂರೇ ಇರಲಿ, ಒಳಗೆ ಕವರ್ ಹಾಕಿ.

ಇನ್ನೊಂದು, ಪೆಂಟಿಯಮ್ 3 ಯಂತ್ರವನ್ನು ಯಾವ ಗುಂಪಿಗೂ ಸೇರಿಸಬೇಡಿ, ಮೇಜಿನ ಮೇಲೇ ಇರಲಿ. ಅದಕ್ಕೆ ಫ್ಲಾಪಿಯೂ ಗೊತ್ತು, ಯುಎಸ್‌ಬಿಯೂ ಗೊತ್ತು. 486ಕ್ಕೆ ಒಂದು ಡ್ರೈವರ್ ಬೇಕಾದರೆ ಇವತ್ತಿನ ಕಂಪ್ಯೂಟರ್‌ನಲ್ಲಿ ಇಳಿಸಿ, ಪೆನ್‌ಡ್ರೈವ್‌ನಲ್ಲಿ ಪೆಂಟಿಯಮ್ 3ಕ್ಕೆ ತಂದು, ಅಲ್ಲಿಂದ 1.44 ಎಂಬಿ ಫ್ಲಾಪಿಗೆ ಹಾಕಬೇಕು. ಬೇರೆ ದಾರಿಗಳಿವೆ, ಇದರಷ್ಟು ಸುಲಭವಿಲ್ಲ. ಪೆಂಟಿಯಮ್ 3ಕ್ಕೆ ಸುಮ್ನೆ ದೊಡ್ಡ ಐಡಿಇ ಡಿಸ್ಕ್ ಹಾಕಲು ಮಾತ್ರ ಹೋಗಬೇಡಿ. ಆ ಕಾಲದ ಬಯೋಸ್‌ಗಳಲ್ಲಿ (ಯಂತ್ರವನ್ನು ಶುರು ಮಾಡುವ ಬೋರ್ಡಿನ ಪ್ರೋಗ್ರಾಂ) ಹೆಚ್ಚಿನವಕ್ಕೆ 137 ಜಿಬಿಯಿಂದ ಆಚೆ ಕಣ್ಣು ಕಾಣುವುದಿಲ್ಲ.

ಹಳೇ ಮೌಸ್:

ಎಲ್ಲರಿಗೂ ಥ್ಯಾಂಕ್ಸ್. ಎರಡು ರಜಾದಿನ ಹೋಯಿತು, ಕೆಲಸ ಬಹುಪಾಲು ಮುಗಿಯಿತು.

ಮೊದಲು ಬ್ಯಾಟರಿ. ಪೀಪಾಯಿಯೇ ಇತ್ತು, ನೀಲಿ ಬಣ್ಣದ್ದು. ಒಂದು ತುದಿಯಲ್ಲಿ ಉಪ್ಪು ಕಟ್ಟಿದ ಹಾಗೆ ಬಿಳಿ ಪುಡಿ ಬಂದಿತ್ತು, ಬೋರ್ಡಿಗೆ ಇನ್ನೂ ಇಳಿದಿರಲಿಲ್ಲ. ಕತ್ತರಿಸುವಾಗ ಕೈ ನಡುಗಿತು. ‘ಬೂಟ್ ಆಗ್ಲಿಲ್ಲ’ ಅವರೇ, ಈ ಬೋರ್ಡ್ ಉಳಿದದ್ದು ನಿಮ್ಮಿಂದ.

ಡಬ್ಬ ಮೂರೇ ಉಳಿಸಿದ್ದೇನೆ. ಹಳೆ ಹೆಸರುಗಳ ಮೇಲೆ ಕಾಗದ ಅಂಟಿಸಿ ‘ರ್ಯಾಮ್’, ‘ಕಾರ್ಡ್’, ‘ಡಿಸ್ಕ್ ಮತ್ತು ಕೇಬಲ್’ ಅಂತ ಬರೆದೆ. ಒಳಗೆಲ್ಲ ಕವರ್‌ಗಳು. 72 ಪಿನ್ನಿನ ಸಿಮ್ ಇನ್ನೂ ನಾಲ್ಕು ಸಿಕ್ಕವು! ಬೆಳಕಿಗೆ ಹಿಡಿದು ನೋಡಿದಾಗ ಗೊತ್ತಾಯಿತು, ‘ಕೆಟ್ಟದ್ದು’ ಅಂತ ಚೀಟಿ ಅಂಟಿಸಿ ಪಕ್ಕಕ್ಕಿಟ್ಟಿದ್ದ ಒಂದು ಡಿಡಿಆರ್2 ಪಟ್ಟಿ ನಿಜವಾಗಿ ಡಿಡಿಆರ್3. ಪಾಪ, ಅದು ಕೂರದಿದ್ದಕ್ಕೆ ಕೆಟ್ಟಿದೆ ಅಂತ ನಾನೇ ತೀರ್ಪು ಕೊಟ್ಟಿದ್ದೆ. ಸರಿಯಾದ ಬೋರ್ಡಿಗೆ ಹಾಕಿದೆ, ನಡೆಯುತ್ತಿದೆ.

ಯಂತ್ರಗಳನ್ನು ಮೂರು ಗೆರೆಯ ಪ್ರಕಾರ ಕಪಾಟಿನ ನಾಲ್ಕು ಅರೆಗಳಲ್ಲಿ ಇಟ್ಟೆ. ಅಥ್ಲಾನ್ ಎಕ್ಸ್‌ಪಿ 486ರ ಅರೆಗೆ ಹೋದದ್ದು ಸ್ವಲ್ಪ ಬೇಜಾರಾಯಿತು, ಎಷ್ಟು ಆಟ ಆಡಿದ್ದೇನೆ ಅದರಲ್ಲಿ. ಪೆಂಟಿಯಮ್ 3 ಮೇಜಿಗೆ ಬಂತು. ಪವರ್‌ಬುಕ್ ಕಿಟಕಿಯಲ್ಲೇ ಇದೆ. ಮ್ಯಾಕ್ ಇರುವುದು ಒಂದೇ, ಅದಕ್ಕೊಂದು ಅರೆ ಯಾಕೆ?

ಒಂದೇ ಒಂದು ಉಳಿದಿದೆ. ತಳದಲ್ಲಿ ಒಂದು ಆಸ್‌ರಾಕ್ 775ಡ್ಯುಯಲ್-ವಿಎಸ್‌ಟಿಎ ಬೋರ್ಡ್ ಸಿಕ್ಕಿತು. ಅದರಲ್ಲಿ ಡಿಡಿಆರ್ ಸ್ಲಾಟ್ ಎರಡು, ಡಿಡಿಆರ್2 ಸ್ಲಾಟ್ ಎರಡು. ಎಜಿಪಿಯೂ ಇದೆ, ಪಿಸಿಐ ಎಕ್ಸ್‌ಪ್ರೆಸ್ಸೂ ಇದೆ. ಪೆಂಟಿಯಮ್ 4 ಹಾಕಿದರೂ ಸರಿ, ಕೋರ್ 2 ಡ್ಯುಯೊ ಹಾಕಿದರೂ ಸರಿ ಅನ್ನುತ್ತದೆ. ಕೆಪಾಸಿಟರ್ ಅವರೇ, ಇದನ್ನು ಎಲ್ಲಿಡಲಿ?

ಕೆಂಪು ಕೆಪಾಸಿಟರ್:

ನನಗೆ ಕೊಟ್ಟುಬಿಡಿ.