ಡ್ರೈ ಗ್ಲೋವ್ ಹಾಕಿದರೂ ಬೆರಳು ಮರಗಟ್ಟುತ್ತಿದೆ, ಗವಸು ಬದಲಿಸಬೇಕಾ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ತಣ್ಣೀರಿನಲ್ಲಿ ಡೈವ್ ಮಾಡಿ ಅನುಭವ ಇರುವವರು ದಯವಿಟ್ಟು ದಾರಿ ಹೇಳಿ. ನಾನು ಇಳಿಯುವ ಸರೋವರದಲ್ಲಿ ಕೆಳಗಿನ ನೀರು 6 ಡಿಗ್ರಿ ಇರುತ್ತದೆ. ಮೊದಲು 5 ಮಿಲಿಮೀಟರಿನ ನಿಯೋಪ್ರೀನ್ ರಬ್ಬರಿನ ವೆಟ್ ಗ್ಲೋವ್ (ನೀರು ಒಳಗೆ ಬರುವ ಗವಸು) ಹಾಕುತ್ತಿದ್ದೆ. 20 ನಿಮಿಷ ಆಗುವಷ್ಟರಲ್ಲಿ ಬೆರಳು ಮರಗಟ್ಟುತ್ತಿತ್ತು. ಅದಕ್ಕೇ ಡ್ರೈಸೂಟಿಗೆ (ನೀರು ಒಳಗೆ ಬರದ ಡೈವಿಂಗ್ ಉಡುಪಿಗೆ) ಗವಸು ಸೇರಿಸುವ ರಿಂಗ್ ಕೂರಿಸಿ, ಕೈ ಒಣಗಿಯೇ ಇರುವ ಡ್ರೈ ಗ್ಲೋವ್ ತಗೊಂಡೆ. ಒಳಗೆ ತೆಳು ಹತ್ತಿಯ ಲೈನರ್ (ಒಳಗವಸು) ಹಾಕುತ್ತೇನೆ. ಸೂಟಿನ ತೋಳಿನ ತುದಿಯಲ್ಲಿ ನೀರು ತಡೆಯುವ ಲೇಟೆಕ್ಸ್ ರಬ್ಬರಿನ ಮಣಿಕಟ್ಟಿನ ಸೀಲ್ ಹಾಗೇ ಇದೆ.

ಈಗ ಎರಡು ತೊಂದರೆ. 5-6 ಮೀಟರ್ ತನಕ ಕೈ ಬೆಚ್ಚಗಿರುತ್ತದೆ. 15 ಮೀಟರ್ ದಾಟಿದ ಮೇಲೆ ಗವಸು ಬೆರಳಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಆಮೇಲೆ ಚಳಿ ಶುರು. ಮೇಲೆ ಬಂದು ಬಿಚ್ಚಿದರೆ ಲೈನರಿನ ಹೊಲಿಗೆ ಚರ್ಮದ ಮೇಲೆ ಅಚ್ಚಾಗಿರುತ್ತದೆ. ಎರಡನೆಯದು, ಬಲಗೈ ಗವಸು ಪ್ರತಿ ಸಲ ಒಳಗೆ ಒದ್ದೆ. ಕಳೆದ ಸಲ ಗಾಳಿ ತುಂಬುವ ಇನ್ಫ್ಲೇಟರಿನ ಗುಂಡಿ ಬೆರಳಿಗೆ ತಿಳಿಯಲೇ ಇಲ್ಲ. ತುಂಬಾ ಹೆದರಿಕೆಯಾಯಿತು. ಜೊತೆಗಾರರಿಗೆ ಸನ್ನೆ ಮಾಡಿ ಡೈವ್ ಅಲ್ಲಿಗೇ ನಿಲ್ಲಿಸಿದೆ.

ಇನ್ನೂ ದಪ್ಪದ ಗವಸು ತಗೊಳ್ಳಲಾ? ಯಾವ ಬಗೆ ಒಳ್ಳೆಯದು?

ಉತ್ತರ 1

ಡೈವ್ ನಿಲ್ಲಿಸಿದ್ದು ಸರಿಯಾಯಿತು. ಗುಂಡಿ ತಿಳಿಯದ ಕೈ ಇಟ್ಟುಕೊಂಡು ನೀರಿನಲ್ಲಿ ಇರಲೇಬಾರದು.

ಹೊಸ ಗವಸು ಈಗಲೇ ತಗೋಬೇಡಿ. ನಿಮ್ಮ ಮೊದಲ ತೊಂದರೆಗೆ ಕಾರಣ ಗವಸಿನ ದಪ್ಪ ಅಲ್ಲ, ಗಾಳಿ. ದಡದಲ್ಲಿ ಗವಸು ಹಾಕಿಕೊಂಡಾಗ ಸ್ವಲ್ಪ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ. 10 ಮೀಟರ್ ಇಳಿದರೆ ಒತ್ತಡ ಎರಡರಷ್ಟು, ಆ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. 20 ಮೀಟರಿನಲ್ಲಿ ಮೂರನೇ ಒಂದು ಭಾಗ. ಸೂಟಿಗೆ ನೀವು ಗಾಳಿ ಕೊಡುತ್ತಾ ಹೋಗುತ್ತೀರಿ, ಆದರೆ ಮಣಿಕಟ್ಟಿನ ಸೀಲ್ ಅದನ್ನು ಕೈಗೆ ಬಿಡುವುದಿಲ್ಲ. ಲೈನರ್ ಬೆಚ್ಚಗಿಡುವುದು ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ ತಾನೇ? ಅದು ಹಿಂಡಿ ಚಪ್ಪಟೆಯಾದ ಮೇಲೆ ಹೊರಗಿನ ತೆಳು ರಬ್ಬರು ಚಳಿ ತಡೆಯಲಾರದು. ಹೊಲಿಗೆಯ ಅಚ್ಚು ಅದರದ್ದೇ ಗುರುತು.

ಸೀಲಿನ ಕೆಳಗೆ ಗಾಳಿಗೆ ಒಂದು ದಾರಿ ಮಾಡಿಕೊಡಿ. ದಪ್ಪ ಉಣ್ಣೆ ದಾರದ ತುಂಡು ಸಾಕು. ಒಂದು ತುದಿ ತೋಳಿನ ಒಳಗೆ, ಇನ್ನೊಂದು ತುದಿ ಗವಸಿನೊಳಗೆ ಬರಬೇಕು. ತೆಳುವಾದ ಮೆತ್ತನೆಯ ಕೊಳವೆಯನ್ನೂ ಇಡುತ್ತಾರೆ. ಕೆಲವರ ಒಳಉಡುಪಿನ ತೋಳಿಗೆ ಹೆಬ್ಬೆರಳು ತೂರಿಸುವ ಕುಣಿಕೆ ಇರುತ್ತದೆ, ಅದನ್ನೇ ಸೀಲಿನ ಅಡಿಯಿಂದ ಹಾಯಿಸಿದರೂ ಆಗುತ್ತದೆ. ಇಳಿಯುವಾಗ ಸೂಟಿಗೆ ಗಾಳಿ ಕೊಟ್ಟು, ಕೈಯನ್ನು ಒಂದೆರಡು ಸೆಕೆಂಡ್ ಭುಜಕ್ಕಿಂತ ಮೇಲೆ ಎತ್ತಿ. ಗವಸು ಸಡಿಲವಾಗುವುದು ನಿಮಗೇ ಗೊತ್ತಾಗುತ್ತದೆ.

ಇದರಲ್ಲಿ ಒಂದು ಅಪಾಯ ಇದೆ, ತಿಳಿದೇ ಮಾಡಿ. ಗವಸು ತೂತಾದರೆ ನೀರೂ ಅದೇ ದಾರಿ ಹಿಡಿದು ತೋಳಿಗೆ ಬರುತ್ತದೆ. ದಾರವಾದರೆ ನಿಧಾನ, ಕೊಳವೆಯಾದರೆ ಬೇಗ. ನಾನು ದಾರವನ್ನೇ ಇಡುತ್ತೇನೆ.

ಹತ್ತಿ ಲೈನರ್ ಮಾತ್ರ ಇವತ್ತೇ ತೆಗೆದುಹಾಕಿ. ಬೆವರು ಕುಡಿದು ಅದು ತಣ್ಣಗಾಗಿ ಕೂರುತ್ತದೆ. ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ. ಮೆರಿನೊ ಉಣ್ಣೆಯಾದರೆ ಚರ್ಮಕ್ಕೂ ಹಿತ.

ಬಲಗೈ ಒದ್ದೆ ಅಂದಿರಲ್ಲ, ಎಲ್ಲಿ? ಬೆರಳ ತುದಿಯಲ್ಲಾ, ಮಣಿಕಟ್ಟಿನ ಹತ್ತಿರವಾ?

ಪ್ರಶ್ನೆ ಕೇಳಿದವರು

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಮಣಿಕಟ್ಟಿನ ಹತ್ತಿರ, ಅಂಗೈ ಕಡೆ ಜಾಸ್ತಿ ಒದ್ದೆ. ಹಿಂಡಿದರೆ ನೀರು ಬರುತ್ತದೆ. ಬೆರಳ ತುದಿಯಲ್ಲಿ ಬರೀ ತೇವ. ಎಡಗೈಯಲ್ಲೂ ಅಷ್ಟೇ ತೇವ ಇರುತ್ತದೆ.

ಉತ್ತರ 2

ಎರಡೂ ಕೈಯಲ್ಲಿ ಒಂದೇ ಸಮ ಇರುವ ತೇವ ಬೆವರು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಕೈಯಲ್ಲಿ, ಒಂದೇ ಜಾಗದಲ್ಲಿ ಹಿಂಡುವಷ್ಟು ನೀರು ಅಂದರೆ ಸೋರಿಕೆ. ಮಣಿಕಟ್ಟಿನಿಂದ ಶುರುವಾಗಿದ್ದರೆ ಮೊದಲ ಅನುಮಾನ ರಿಂಗಿನ ಮೇಲೆ.

ರಿಂಗಿನಲ್ಲಿ ನೀರು ತಡೆಯಲು ಕೂರಿಸಿರುವ ರಬ್ಬರು ಬಳೆಯನ್ನು, ಅಂದರೆ ಓ-ರಿಂಗನ್ನು, ಹೊರಗೆ ತೆಗೆಯಿರಿ. ಬೆಳಕಿಗೆ ಹಿಡಿದು, ಬೆರಳುಗಳ ನಡುವೆ ನಿಧಾನವಾಗಿ ಪೂರ್ತಿ ಒಂದು ಸುತ್ತು ಎಳೆದು ನೋಡಿ. ಒಂದು ಕೂದಲು, ಒಂದು ಮರಳಿನ ಕಣ, ಲೈನರಿನ ಒಂದು ಎಳೆ ಸಾಕು ನೀರು ಒಳಗೆ ಬರುವುದಕ್ಕೆ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಲೈನರಿನ ಎಳೆಯೇ ಕಾರಣ. ಬಲಗೈ ಬಳಸುವವರು ಬಲ ಗವಸನ್ನು ಎಡಗೈಯಿಂದ ಕೂರಿಸಬೇಕಲ್ಲ, ಅಲ್ಲೇ ಕೈ ತಪ್ಪುತ್ತದೆ. ಅದರಲ್ಲೂ ಎಡಗೈಗೆ ಆಗಲೇ ಗವಸು ಹಾಕಿದ್ದರೆ ಎಳೆ ಸಿಕ್ಕಿಕೊಂಡದ್ದು ಬೆರಳಿಗೆ ತಿಳಿಯುವುದೇ ಇಲ್ಲ. ಬಲಗೈಯದನ್ನು ಮೊದಲು ಹಾಕಿ. ಲೈನರಿನ ಅಂಚನ್ನು ರಿಂಗಿನಿಂದ ಪೂರ್ತಿ ಒಳಗೆ ಮಡಚಿ. ಕೊನೆಗೆ ಜೊತೆಗಾರರ ಕಣ್ಣಿಗೆ ತೋರಿಸಿ.

ಗ್ರೀಸ್ ತೆಳ್ಳಗೆ ಹಚ್ಚಿ, ಹೊಳಪು ಬಂದರೆ ಸಾಕು. ಓ-ರಿಂಗ್ ಸಿಲಿಕೋನಿನದ್ದಾದರೆ ಸಿಲಿಕೋನ್ ಗ್ರೀಸ್ ಹಚ್ಚಬೇಡಿ, ಊದಿಕೊಳ್ಳುತ್ತದೆ. ಪೆಟ್ರೋಲಿಯಂ ಜೆಲ್ಲಿ ಲೇಟೆಕ್ಸ್ ಸೀಲಿನ ಹತ್ತಿರವೂ ಸುಳಿಯಬಾರದು, ಲೇಟೆಕ್ಸನ್ನೇ ಹಾಳು ಮಾಡುತ್ತದೆ.

ಆಮೇಲೆ ಸೂಟ್ ಹಾಕಿ, ಒಣ ಟಿಶ್ಯೂ ಕಾಗದವನ್ನು ಮಣಿಕಟ್ಟಿಗೆ ಸುತ್ತಿ, ಗವಸು ಕೂರಿಸಿ ಕೈಯನ್ನು ಬಕೆಟ್ಟಿನ ನೀರಿನಲ್ಲಿ 10 ನಿಮಿಷ ಇಡಿ. ಮುಷ್ಟಿ ಹಿಡಿದು ಬಿಡುತ್ತಾ ಇರಿ. ಕಾಗದ ಎಲ್ಲಿ ಒದ್ದೆಯಾಯಿತೋ ಅಲ್ಲೇ ಸೋರಿಕೆ. ಗವಸಿನ ತೂತು ಹುಡುಕಲು ಅದರೊಳಗೆ ನೀರು ತುಂಬಿ, ಬಾಯಿ ತಿರುಚಿ ಹಿಡಿದು ಒತ್ತಿ. ಬೆರಳ ಸಂದಿಗಳನ್ನು ಮರೆಯಬೇಡಿ.

ಉತ್ತರ 3

ನಾನು ಮಣಿಕಟ್ಟಿನ ಸೀಲನ್ನೇ ತೆಗೆದುಬಿಟ್ಟಿದ್ದೇನೆ. ಸೂಟು, ಗವಸು ಎರಡೂ ಒಂದೇ ಗಾಳಿಯಲ್ಲಿ. ದಾರ ಬೇಡ, ಕೊಳವೆ ಬೇಡ, ಹಿಂಡುವುದೂ ಇಲ್ಲ. ಬಿಗಿ ಸೀಲ್ ಕೈಗೆ ಹೋಗುವ ರಕ್ತವನ್ನೂ ಸ್ವಲ್ಪ ತಡೆಯುತ್ತದೆ, ಅದೂ ತಪ್ಪಿತು.

ಉತ್ತರ 1

ನಿಮ್ಮಷ್ಟು ಅನುಭವ ಇದ್ದವರಿಗೆ ಅದು ಸರಿ ಇರಬಹುದು. ಆದರೆ ಇವರಿಗೆ ನಾನು ಹೇಳುವುದಿಲ್ಲ. ಗವಸು ಹರಿದರೆ 6 ಡಿಗ್ರಿಯ ನೀರು ಸೀದಾ ತೋಳಿಗೆ, ಅಲ್ಲಿಂದ ಮೈಗೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಎಳೆಯುತ್ತದೆ. ಸೀಲ್ ಇದ್ದರೆ ಕೈ ಮಾತ್ರ ತಣ್ಣಗಾಗುತ್ತದೆ, ಮೇಲೆ ಬರಲು ಸಮಯ ಸಿಗುತ್ತದೆ. ಬಿಗಿ ಅನಿಸಿದರೆ ಸೀಲನ್ನು ಅಳತೆಗೆ ಕತ್ತರಿಸಿಕೊಳ್ಳಬಹುದು, ಸೀಲಿನ ಮೇಲಿನ ಒಂದೊಂದೇ ಗೆರೆ ಅಷ್ಟೇ, ಒಮ್ಮೆಗೇ ಅಲ್ಲ.

ಮುಂದೆ ಗವಸು ಆರಿಸುವಾಗ ಮೊದಲು ನೋಡಬೇಕಾದ್ದು ಅದು ಸೂಟಿಗೆ ಸೇರುವ ಬಗೆ. ಕೂಬಿ ಆಗಲಿ ಸೈಟೆಕ್ ಆಗಲಿ, ಯಾವ ಕಂಪನಿಯದ್ದೇ ಇರಲಿ, ಒಬ್ಬರ ರಿಂಗ್ ಇನ್ನೊಬ್ಬರದಕ್ಕೆ ಕೂರುತ್ತದೆ ಅಂತ ನಂಬಿ ತಗೋಬೇಡಿ. ಹೊರಗವಸು ಹರಿಯುವ ವಸ್ತು, ಅದನ್ನೊಂದೇ ಬದಲಿಸಲು ಬರುವ ಜೋಡಣೆ ಒಳ್ಳೆಯದು. ಅಳತೆಯನ್ನು ನಿಮ್ಮ ದಪ್ಪ ಲೈನರ್ ಹಾಕಿಕೊಂಡೇ ನೋಡಿ. ಮುಷ್ಟಿ ಬಿಗಿದಾಗ ಬೆರಳ ಗೆಣ್ಣಿನ ಮೇಲೆ ರಬ್ಬರು ಎಳೆಯಬಾರದು. ಪಿವಿಸಿ ಗವಸು ಕೆಲಸಕ್ಕೆ ಗಟ್ಟಿ, ಆದರೆ ಚಳಿಗೆ ಬಿರುಸಾಗುತ್ತದೆ. ಮೆತ್ತನೆಯ ಲೇಟೆಕ್ಸ್ ಬೆರಳಿಗೆ ಸುಲಭ, ಚೂಪು ಕಲ್ಲಿಗೆ ಬೇಗ ಸೋಲುತ್ತದೆ. ಬಣ್ಣ, ಅಂದ ಎಲ್ಲಾ ಆಮೇಲೆ.

ಮೈ ಬೆಚ್ಚಗಿದೆಯಾ ಅಂತಲೂ ನೋಡಿಕೊಳ್ಳಿ. ಎದೆ, ಹೊಟ್ಟೆ ತಣ್ಣಗಾದರೆ ದೇಹ ಮೊದಲು ಬೆರಳಿನ ರಕ್ತವನ್ನೇ ಕಡಿಮೆ ಮಾಡುತ್ತದೆ. ಎಷ್ಟೋ ಸಲ ಕೈಯ ಚಳಿಗೆ ಮದ್ದು ಒಂದು ಒಳ್ಳೆಯ ಒಳಜಾಕೆಟ್.

ಉತ್ತರ 3

ಒಪ್ಪುತ್ತೇನೆ, ಹೊಸಬರು ಸೀಲ್ ಇಟ್ಟುಕೊಳ್ಳಲಿ. ಬ್ಯಾಟರಿಯ ಬಿಸಿ ಗವಸಿನ ಯೋಚನೆ ಇದ್ದರೆ ಇದನ್ನೂ ತಿಳಿದಿರಿ. ಅಮೆರಿಕದ ನೌಕಾಪಡೆಯ ಡೈವಿಂಗ್ ಪ್ರಯೋಗ ಘಟಕ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಳದಲ್ಲಿ ಬೆಚ್ಚಗಿದ್ದು ಮೇಲೆ ಬರುವ ಹೊತ್ತಿಗೆ ತಣ್ಣಗಾದವರಿಗೇ ಡಿಕಂಪ್ರೆಷನ್ ಕಾಯಿಲೆ (ಮೇಲೆ ಬರುವಾಗ ಒತ್ತಡ ಇಳಿದು ಮೈಯಲ್ಲಿ ಅನಿಲದ ಗುಳ್ಳೆ ಏಳುವುದು) ಜಾಸ್ತಿ ಬಂತು. ಅದು ಇಡೀ ಮೈಯ ಶಾಖದ ಪ್ರಯೋಗ, ಆದರೂ ಬ್ಯಾಟರಿ ಕೊನೆಯ ತನಕ ಉಳಿಯಲೇಬೇಕು.

ಪ್ರಶ್ನೆ ಕೇಳಿದವರು

ನಿನ್ನೆ ಇಳಿದು ಬಂದೆ. ಬಕೆಟ್ ಪರೀಕ್ಷೆಯಲ್ಲಿ ಅಂಗೈ ಕಡೆ ಕಾಗದ ಒದ್ದೆಯಾಗಿತ್ತು. ಓ-ರಿಂಗ್ ತೆಗೆದರೆ ಅದೇ ಜಾಗದಲ್ಲಿ ಲೈನರಿನ ಬಿಳಿ ಎಳೆ! ಒರೆಸಿ ಮತ್ತೆ ಕೂರಿಸಿದೆ, ಕಾಗದ ಒಣಗಿಯೇ ಇತ್ತು. ಉಣ್ಣೆ ಲೈನರ್ ಹಾಕಿ, ಸೀಲಿನ ಕೆಳಗೆ ದಾರ ಇಟ್ಟು 18 ಮೀಟರ್ ತನಕ ಹೋದೆ. ಗವಸು ಒಮ್ಮೆಯೂ ಹಿಂಡಲಿಲ್ಲ. 35 ನಿಮಿಷ ಆದ ಮೇಲೂ ಗುಂಡಿ, ಕೊಕ್ಕೆ ಎಲ್ಲಾ ಬೆರಳಿಗೆ ತಿಳಿಯುತ್ತಿತ್ತು. ಎಷ್ಟು ಖುಷಿಯಾಯಿತು ಅಂದರೆ ಮೇಲೆ ಬಂದವಳೇ ಇಲ್ಲಿ ಬರೆಯಬೇಕು ಅನಿಸಿತು.

ಒಂದೇ ಒಂದು ವಿಷಯ. ಮೇಲೆ ಬರುವಾಗ ಗವಸು ಬಲೂನಿನ ಹಾಗೆ ಊದಿಕೊಂಡಿತು. ಬೆರಳು ಮಡಚಲು ಕಷ್ಟವಾಯಿತು.

ಉತ್ತರ 1

ಓದಿ ನನಗೂ ಸಂತೋಷವಾಯಿತು. ಮೇಲೆ ಬರುವಾಗ ಗಾಳಿ ಹಿಗ್ಗುತ್ತದೆ, ಕೈ ಎತ್ತಿ ಹಿಡಿದಿದ್ದರೆ ಅದು ಬೆರಳ ತುದಿಗೇ ಓಡುತ್ತದೆ. ಕೈಯನ್ನು ಸೊಂಟದ ಮಟ್ಟಕ್ಕೆ ಇಳಿಸಿ, ಮುಷ್ಟಿಯನ್ನು ಮೆಲ್ಲಗೆ ಹಿಡಿದು ಬಿಡಿ. ಗಾಳಿ ದಾರದ ಪಕ್ಕದಿಂದ ತೋಳಿಗೆ ಹತ್ತುತ್ತದೆ, ಅಲ್ಲಿಂದ ಭುಜದ ವಾಲ್ವಿನಲ್ಲಿ ಹೊರಗೆ ಬಿಡಬಹುದು. ಇದನ್ನು 5-6 ಮೀಟರಿನಲ್ಲಿ, ಜೊತೆಗಾರರನ್ನು ಪಕ್ಕದಲ್ಲಿ ಇಟ್ಟುಕೊಂಡು ನಾಲ್ಕೈದು ಸಲ ಮಾಡಿ. ಮಾಸ್ಕ್ ತೆಗೆದು ಹಾಕುವುದು, ತೂಕ ಬಿಚ್ಚುವುದನ್ನೂ ಅಲ್ಲೇ ಇದೇ ಗವಸಿನಲ್ಲಿ ಅಭ್ಯಾಸ ಮಾಡಿಬಿಡಿ.