ರಾತ್ರಿ ಹೆಡ್‌ಲೈಟ್ ಹಾಕಿ ಬಂದರೆ ಬೆಳಿಗ್ಗೆ ಬುಲೆಟ್ ಸ್ಟಾರ್ಟ್ ಆಗುವುದಿಲ್ಲ. ಸ್ಟೇಟರ್ ಹೋಗಿದೆಯಾ?

ಬೆಟಗೇರಿ350:

ಎಲ್ಲರಿಗೂ ನಮಸ್ಕಾರ. ಗಾಡಿ 1994ನೇ ಬುಲೆಟ್ 350, 12 ವೋಲ್ಟ್, ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕೂಡಿಸಿ ಬಿಡಿಸುವ ಸಣ್ಣ ಸ್ವಿಚ್) ಇರುವ ಹಳೇ ಎಂಜಿನ್. ನಮ್ಮ ಕಾಕಾ ಓಡಿಸುತ್ತಿದ್ದರು. ಎರಡು ವರ್ಷ ಮನೆಯ ಮೂಲೆಯಲ್ಲಿ ನಿಂತಿತ್ತು. ಈಗ ನಾನು ದಿನಾ ಗದಗದಿಂದ ಹುಬ್ಬಳ್ಳಿಗೆ ಕೆಲಸಕ್ಕೆ ಇದರಲ್ಲೇ ಹೋಗಿ ಬರುತ್ತೇನೆ.

ಹಗಲು ಏನೂ ತೊಂದರೆ ಇಲ್ಲ. ಸಂಜೆ ವಾಪಸ್ ಬರುವಾಗ ಅಣ್ಣಿಗೇರಿ ಹತ್ತಿರ ಕತ್ತಲಾಗುತ್ತದೆ. ಹೆಡ್‌ಲೈಟ್ ಹಾಕಿದ ಕೂಡಲೇ ಆಂಪಿಯರ್ ಮೀಟರಿನ ಮುಳ್ಳು ಎಡಕ್ಕೆ, ಅಂದರೆ ಬ್ಯಾಟರಿ ಖಾಲಿಯಾಗುವ ಕಡೆಗೆ, ಬೀಳುತ್ತದೆ, ಎಷ್ಟೇ ಜೋರಾಗಿ ಹೋದರೂ ಮೇಲೇಳುವುದಿಲ್ಲ. ಮನೆ ಮುಟ್ಟುವಷ್ಟರಲ್ಲಿ ಹಾರ್ನ್ ದನಿ ಬಿದ್ದುಹೋಗಿರುತ್ತದೆ. ಬೆಳಿಗ್ಗೆ ಇಪ್ಪತ್ತು ಕಿಕ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಓಣಿಯ ಹುಡುಗರು ತಳ್ಳಿದರೆ ಮಾತ್ರ ಆಗುತ್ತದೆ.

ಮೂರು ತಿಂಗಳಲ್ಲಿ ಎರಡು ಬ್ಯಾಟರಿ ಹಾಕಿಸಿದೆ. ಪ್ಲಗ್ ಹೊಸದು, ಕಾರ್ಬೊರೇಟರ್ ತೊಳೆಸಿದ್ದೇನೆ. ಒಬ್ಬ ಮೆಕ್ಯಾನಿಕ್ ನೋಡಿ, ಸ್ಟೇಟರ್ (ಎಂಜಿನ್ ತಿರುಗಿದಾಗ ಕರೆಂಟ್ ಮಾಡುವ ಸುರುಳಿ) ಸುಟ್ಟಿದೆ, ಅದರ ಜೊತೆ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರೂ ಬದಲಿಸಬೇಕು ಎಂದರು. ದುಡ್ಡು ಹಾಕುವ ಮೊದಲು ತಿಳಿದವರನ್ನು ಕೇಳೋಣ ಅಂತ ಬರೆದೆ. ಇನ್ನೂ ಒಂದು ಬ್ಯಾಟರಿಗೆ ದುಡ್ಡು ಹಾಕುವ ಶಕ್ತಿ ಇಲ್ಲ ರೀ.

ಹಳೇಹುಬ್ಬಳ್ಳಿ:

ತಮ್ಮಾ, ಸ್ಟೇಟರ್ ಈಗಲೇ ತರಬೇಡಿ. ಸ್ಟೇಟರ್ ಪೂರ್ತಿ ಸುಟ್ಟಿದ್ದರೆ ಹಗಲಲ್ಲೂ ಬ್ಯಾಟರಿ ಇಳಿಯಬೇಕಿತ್ತು. ನಿಮ್ಮ ಗಾಡಿ ಹಗಲು ಸರಿಯಾಗಿ ಓಡುತ್ತಿದೆ ಅಂದರೆ ಅದು ಕರೆಂಟ್ ಮಾಡುತ್ತಿದೆ. ಸಾಲುತ್ತಿಲ್ಲ, ಅಷ್ಟೇ. ಯಾಕೆ ಸಾಲುತ್ತಿಲ್ಲ ಅನ್ನುವುದನ್ನು ಹುಡುಕೋಣ.

ಒಂದು ವಿಷಯ ಮೊದಲು ಗೊತ್ತಿರಲಿ. ಆರ್‌ಎಕ್ಸ್ 100 ತರಹದ ಗಾಡಿಗೆ ಬ್ಯಾಟರಿ ಸತ್ತಿದ್ದರೂ ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, ಅದರ ಕಿಡಿ ಮ್ಯಾಗ್ನೆಟ್‌ನಿಂದಲೇ ಬರುತ್ತದೆ. ನಿಮ್ಮ ಬುಲೆಟ್ ಹಾಗಲ್ಲ. ಇದರಲ್ಲಿ ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್‌ಗೆ ಕರೆಂಟ್ ಕೊಡುವುದು ಬ್ಯಾಟರಿ. ಕಿಕ್ ಹೊಡೆಯುವಾಗ ಎಂಜಿನ್ ತಿರುಗುವ ವೇಗಕ್ಕೆ ಆಲ್ಟರ್ನೇಟರ್‌ನಿಂದ (ಸ್ಟೇಟರ್ ಇರುವ, ಕರೆಂಟ್ ಮಾಡುವ ಭಾಗ) ಸಿಗುವುದು ತೀರಾ ಕಡಿಮೆ. ಬ್ಯಾಟರಿ ಇಳಿದಿದ್ದರೆ ಕಿಡಿ ಸಣ್ಣದಾಗುತ್ತದೆ. ತಳ್ಳಿದಾಗ ಎಂಜಿನ್ ಜೋರಾಗಿ, ಬಿಡದೆ ತಿರುಗುತ್ತದೆ, ಆಲ್ಟರ್ನೇಟರ್ ಸ್ವಲ್ಪ ಕೈ ಹಿಡಿಯುತ್ತದೆ, ಅದಕ್ಕೇ ಸ್ಟಾರ್ಟ್ ಆಗುತ್ತದೆ. ಹಾಗಾಗಿ ಸ್ಟಾರ್ಟಿಂಗ್ ಬೇರೆ, ಚಾರ್ಜಿಂಗ್ ಬೇರೆ ಅಂತ ನೋಡಬೇಡಿ. ನಿಮ್ಮ ಗಾಡಿಯಲ್ಲಿ ಎರಡೂ ಒಂದೇ ಕಾಯಿಲೆ ಇರಬೇಕು.

ಒಂದು ಸಾಧಾರಣ ಮಲ್ಟಿಮೀಟರ್ ತನ್ನಿ. ಬ್ಯಾಟರಿಯನ್ನು ಹೊರಗೆ ಪೂರ್ತಿ ಚಾರ್ಜ್ ಮಾಡಿಸಿ, ಕೆಲವು ತಾಸು ಸುಮ್ನೆ ಇಟ್ಟು ನೋಡಿ. 12.6 ವೋಲ್ಟ್ ಆಸುಪಾಸು ಇರಬೇಕು. 12.2 ಅಂದರೆ ಅರ್ಧ ಖಾಲಿ. ಆಮೇಲೆ ಗಾಡಿ ಸ್ಟಾರ್ಟ್ ಮಾಡಿ, ಸ್ವಲ್ಪ ರೇಸ್ ಕೊಟ್ಟು, ಬ್ಯಾಟರಿ ತುದಿಯಲ್ಲೇ ಮೀಟರ್ ಹಿಡಿಯಿರಿ. ಹೆಡ್‌ಲೈಟ್ ಇಲ್ಲದೆ ಒಮ್ಮೆ, ಹಾಕಿ ಒಮ್ಮೆ. 13.8ರಿಂದ 14.4ರ ಒಳಗೆ ಬಂದರೆ ಚಾರ್ಜಿಂಗ್ ಚೆನ್ನಾಗಿದೆ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತದೆ. ಐಡ್ಲಿಂಗ್‌ನಲ್ಲಿ ಲೈಟ್ ಹಾಕಿದಾಗ ಮುಳ್ಳು ಎಡಕ್ಕೆ ಬಂದರೆ ಹೆದರಬೇಡಿ, ಅದು ಸಹಜ.

ಇನ್ನೊಂದು ಪರೀಕ್ಷೆಗೆ ಮಲ್ಟಿಮೀಟರೂ ಬೇಡ. ಕಾಕಾ ಬಳಸಿದ ಆ ಆಂಪಿಯರ್ ಮೀಟರೇ ಸಾಕು. ಎಂಜಿನ್ ಆಫ್, ಕೀ ಆನ್, ಲೈಟ್ ಎಲ್ಲ ಆಫ್. ಡಿಕಂಪ್ರೆಸರ್ (ಎಂಜಿನ್ ಒಳಗಿನ ಒತ್ತಡ ಬಿಡುವ ಲಿವರ್) ಹಿಡಿದು ಕಿಕ್ಕನ್ನು ಕೈಯಿಂದ ಮೆಲ್ಲಗೆ ಒತ್ತಿ. ಪಾಯಿಂಟ್ ಕೂಡಿದಾಗ ಕಾಯಿಲ್ ಕರೆಂಟ್ ಎಳೆಯುತ್ತದೆ, ಮುಳ್ಳು ಎಡಕ್ಕೆ ಹೋಗುತ್ತದೆ. ಪಾಯಿಂಟ್ ಬಿಟ್ಟಾಗ ನಡುವಿಗೆ ಬರುತ್ತದೆ. ಮುಳ್ಳು ನಡುವೆಯೇ ನಿಂತು ಅಲುಗದಿದ್ದರೆ ಪಾಯಿಂಟ್ ಮೇಲೆ ಕಿಲುಬು ಇದೆ ಅಥವಾ ವೈರ್ ಬಿಟ್ಟಿದೆ. ಎಡಕ್ಕೇ ಅಂಟಿಕೊಂಡರೆ ಪಾಯಿಂಟ್ ಬಿಡುತ್ತಿಲ್ಲ ಅಥವಾ ಅದರ ಜೊತೆಗಿನ ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಭಾಗ) ಶಾರ್ಟ್ ಆಗಿದೆ. ನೋಡಿದ ಮೇಲೆ ಕೀ ಆಫ್ ಮಾಡಲು ಮರೆಯಬೇಡಿ. ಪಾಯಿಂಟ್ ಕೂಡಿದ ಜಾಗದಲ್ಲಿ ಕೀ ಆನ್ ಬಿಟ್ಟರೆ ಕಾಯಿಲ್ ಬಿಸಿಯಾಗುತ್ತದೆ, ಬ್ಯಾಟರಿಯೂ ಖಾಲಿ.

ಹೆಡ್‌ಲೈಟ್ ಬಲ್ಬ್ ಎಷ್ಟು ವ್ಯಾಟಿನದು? ಬಿಚ್ಚಿ, ಓದಿ ಹೇಳಿ.

ಹಾವೇರಿಸ್ಟ್ಯಾಂಡರ್ಡ್:

ಹಿರಿಯರು ಸರಿಯಾಗಿ ಹೇಳಿದ್ದಾರೆ. ನನ್ನದೊಂದು ಮಾತು. ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು "ಗಾಡಿ ನಿಂತಿತಾ ನೋಡೋಣ" ಅಂತ ಪರೀಕ್ಷೆ ಮಾಡುವವರು ನಮ್ಮ ಕಡೆ ಬಹಳ. ದಯವಿಟ್ಟು ಮಾಡಲು ಬಿಡಬೇಡಿ. ವೋಲ್ಟೇಜ್ ಒಮ್ಮೆಲೇ ಏರಿ ಒಳ್ಳೆಯ ರೆಗ್ಯುಲೇಟರೂ ಸುಡುತ್ತದೆ, ಬಲ್ಬೂ ಹೋಗುತ್ತದೆ. ನನ್ನ ಗಾಡಿಯಲ್ಲಿ ಹೀಗೇ ಆಗಿದೆ.

ಎರಡು ವರ್ಷ ನಿಂತ ಗಾಡಿ ಅಂತೀರಿ. ಬ್ಯಾಟರಿಯ ಅರ್ಥಿಂಗ್ ವೈರ್ ಚಾಸಿಗೆ ಸೇರುವ ಬೋಲ್ಟ್ ಬಿಚ್ಚಿ, ತುಕ್ಕು ತಿಕ್ಕಿ, ಬಿಗಿಯಾಗಿ ಕೂಡಿಸಿ. ಕೀ ಆಫ್ ಇದ್ದಾಗ ಏನಾದರೂ ಸೋರುತ್ತಿದೆಯಾ ಅಂತಲೂ ನೋಡಿ. ನೆಗೆಟಿವ್ ವೈರ್ ಬಿಚ್ಚಿ, ವೈರಿಗೂ ಬ್ಯಾಟರಿಗೂ ನಡುವೆ ಮೀಟರನ್ನು ಆಂಪಿಯರ್‌ಗೆ ಇಟ್ಟು ಜೋಡಿಸಿ. ಈ ಗಾಡಿಯಲ್ಲಿ ಗಡಿಯಾರವೂ ಇಲ್ಲ, ಕಂಪ್ಯೂಟರೂ ಇಲ್ಲ. ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ರೆಕ್ಟಿಫೈಯರ್ (ಆಲ್ಟರ್ನೇಟರಿನ ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ) ಮೇಲೆ ಅನುಮಾನ.

ಬೆಟಗೇರಿ350:

ಅಣ್ಣಾರೆ, ಭಾನುವಾರ ಎಲ್ಲ ಮಾಡಿದೆ. ಬ್ಯಾಟರಿ ಚಾರ್ಜ್ ಆದ ಮೇಲೆ 12.7. ಹೆಡ್‌ಲೈಟ್ ಇಲ್ಲದೆ ರೇಸ್ ಕೊಟ್ಟಾಗ 13.9. ಹೆಡ್‌ಲೈಟ್ ಹಾಕಿದರೆ 12.2, ಇನ್ನೂ ಇಳಿಯುತ್ತಲೇ ಇತ್ತು. ಕೀ ಆಫ್ ಇದ್ದಾಗ ಸೊನ್ನೆ. ಅರ್ಥಿಂಗ್ ಬೋಲ್ಟ್ ತುಕ್ಕು ಹಿಡಿದಿತ್ತು, ತಿಕ್ಕಿದೆ.

ಬಲ್ಬಿನ ಮೇಲೆ 100/90 (ಹೈ ಬೀಮ್ 100, ಲೋ ಬೀಮ್ 90 ವ್ಯಾಟ್) ಅಂತ ಬರೆದಿದೆ. ಮಾರುವ ಯೋಚನೆ ಇದ್ದಾಗ ಯಾರೋ ಹಾಕಿಸಿದ್ದಂತೆ. ಕಾಕಾ ಹಾಕಿದ್ದ 35/35 ಬಲ್ಬ್ ಟೂಲ್ ಬಾಕ್ಸ್‌ನಲ್ಲೇ ಇತ್ತು.

ಮುಳ್ಳಿನ ಪರೀಕ್ಷೆಯಲ್ಲಿ ಒಂದು ಅರ್ಥ ಆಗಲಿಲ್ಲ. ಕಿಕ್ ಒತ್ತಿದಾಗ ಮುಳ್ಳು ಅಲುಗುತ್ತದೆ. ಆದರೆ ವಾಪಸ್ ಪೂರ್ತಿ ನಡುವಿಗೆ ಬರುವುದಿಲ್ಲ, ಸ್ವಲ್ಪ ಎಡಕ್ಕೇ ನಿಲ್ಲುತ್ತದೆ. ಮೀಟರ್ ಹಳೆಯದಾಗಿ ಹೀಗಾ?

ಹಳೇಹುಬ್ಬಳ್ಳಿ:

ಕೀ ಆಫ್ ಮಾಡಿದಾಗ ಮುಳ್ಳು ನಡುವಿಗೆ ಬರುತ್ತದಾ? ಬಂದರೆ ಮೀಟರ್ ಸರಿ ಇದೆ. ಪಾಯಿಂಟ್ ಬಿಟ್ಟಿದೆ, ಲೈಟ್ ಆಫ್ ಇದೆ, ಆದರೂ ಯಾವುದೋ ಒಂದು ಕರೆಂಟ್ ತಿನ್ನುತ್ತಿದೆ ಅಂತ ಅರ್ಥ. ಕೀ ಆನ್ ಮಾಡಿ, ಬ್ರೇಕ್ ಮುಟ್ಟದೆ, ಹಿಂದೆ ಹೋಗಿ ನೋಡಿ. ಬ್ರೇಕ್ ಲೈಟ್ ಉರಿಯುತ್ತಿರಬೇಕು.

ಬೆಟಗೇರಿ350:

ಉರಿಯುತ್ತಿದೆ! ಇಷ್ಟು ದಿನ ಬಿಸಿಲಲ್ಲಿ ಗೊತ್ತೇ ಆಗಿಲ್ಲ. ಕಾಲಿನ ಬ್ರೇಕ್ ಸ್ವಿಚ್ಚಿನ ಒಳಗೆ ಎರಿ ಮಣ್ಣು ಒಣಗಿ ಕಲ್ಲಾಗಿದೆ. ಮಳೆಗಾಲದಲ್ಲಿ ಹೊಲಕ್ಕೆ ಒಯ್ದಿದ್ದೆ, ಆಗಿನದು. ಸ್ವಿಚ್ ವಾಪಸ್ ಬರುತ್ತಲೇ ಇಲ್ಲ.

ಹಳೇಹುಬ್ಬಳ್ಳಿ:

ಈಗ ಲೆಕ್ಕ ಸರಿಹೋಯಿತು ನೋಡಿ. ಹೆಡ್‌ಲೈಟ್ 100, ಬ್ರೇಕ್ ಬಲ್ಬ್ 21, ಹಿಂದಿನ ದೀಪ 5. ಒಟ್ಟು 126 ವ್ಯಾಟ್. 12ರಿಂದ ಭಾಗಿಸಿದರೆ ಹತ್ತೂವರೆ ಆಂಪಿಯರ್. ಕಾಯಿಲ್ ತಿನ್ನುವುದು ಇದರ ಮೇಲೆ. ಆ ಹಳೇ ಆಲ್ಟರ್ನೇಟರ್ ಎಲ್ಲಿಂದ ತರಬೇಕು? ಉಳಿದದ್ದನ್ನು ಬ್ಯಾಟರಿ ಕೊಟ್ಟಿತು, ದಿನಾ ಅರ್ಧ ಹೊಟ್ಟೆಯಲ್ಲಿ ಮಲಗಿ ಮಲಗಿ ಕೆಟ್ಟಿತು. ಕಾಕಾನ ಬಲ್ಬ್ ಹಾಕಿ, ಸ್ವಿಚ್ ಸರಿ ಮಾಡಿದರೆ 40 ವ್ಯಾಟ್. ಮೂರು ಆಂಪಿಯರ್ ಚಿಲ್ಲರೆ.

ಬೆಳಕು ಕಡಿಮೆ ಅನಿಸುತ್ತದೆ, ನಿಜ. ಆ ರಸ್ತೆಯಲ್ಲಿ ರಾತ್ರಿ ಲಾರಿ ಎದುರು ಬಂದಾಗ ಕಷ್ಟವೇ. ಹೆಡ್‌ಲೈಟಿನ ಗಾಜು, ಒಳಗಿನ ಕನ್ನಡಿ ಮಸುಕಾಗಿದ್ದರೆ ಅದನ್ನು ಬದಲಿಸಿ. ಬೆಳಕು ಅಲ್ಲಿ ಜಾಸ್ತಿ ಸಿಗುತ್ತದೆ, ಬ್ಯಾಟರಿಗೆ ಭಾರವೂ ಇಲ್ಲ.

ಪಾಯಿಂಟ್ ಬಿಚ್ಚಿದಾಗ ಮುಖ ನೋಡಿ. ಗುಳಿ ಬಿದ್ದಿದ್ದರೆ ಬದಲಿಸಿ. ಬರೀ ಕಪ್ಪಾಗಿದ್ದರೆ ನಯವಾದ ಪಾಲಿಶ್ ಪೇಪರಿನಿಂದ ಉಜ್ಜಿ, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ. ಪೂರ್ತಿ ಬಿಟ್ಟಾಗ ಗ್ಯಾಪ್ 0.35ರಿಂದ 0.40 ಮಿಲಿಮೀಟರ್. ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹಾಕಿಯೇ ನೋಡಿ, ಕಣ್ಣಂದಾಜು ಬೇಡ. ಗ್ಯಾಪ್ ಬದಲಾದರೆ ಟೈಮಿಂಗೂ, ಅಂದರೆ ಕಿಡಿ ಬೀಳುವ ಸಮಯವೂ, ಬದಲಾಗುತ್ತದೆ. ಕಿಕ್ ವಾಪಸ್ ಹೊಡೆಯಲು ಶುರುಮಾಡಿದರೆ ಟೈಮಿಂಗ್ ನೋಡಿಸಿ. ಕಾಲು ಮುರಿದುಕೊಂಡವರನ್ನು ಕಂಡಿದ್ದೇನೆ ತಮ್ಮಾ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಬೆಟಗೇರಿ350:

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಸ್ವಿಚ್ ತೊಳೆದು ಎಣ್ಣೆ ಬಿಟ್ಟೆ, ಆದರೂ ಸಿಕ್ಕಿಹಾಕಿಕೊಳ್ಳುತ್ತಿತ್ತು, ಹೊಸದು ಹಾಕಿದೆ. ಕಾಕಾನ ಬಲ್ಬ್ ಹಾಕಿದೆ. ಪಾಯಿಂಟ್ ಕಪ್ಪಾಗಿತ್ತು, ಉಜ್ಜಿ ಗ್ಯಾಪ್ 0.38 ಇಟ್ಟೆ. ಹೆಡ್‌ಲೈಟ್ ಹಾಕಿ ರೇಸ್ ಕೊಟ್ಟರೆ ಈಗ 13.6 ಇದೆ. ನಿನ್ನೆ ರಾತ್ರಿ ಅಣ್ಣಿಗೇರಿಯಿಂದ ಗದಗದ ತನಕ ಮುಳ್ಳು ನಡುವಿನಿಂದ ಒಂದು ಕೂದಲೆಳೆ ಬಲಕ್ಕೇ ಇತ್ತು. ಇವತ್ತು ಬೆಳಿಗ್ಗೆ ಎರಡನೇ ಕಿಕ್‌ಗೆ ಸ್ಟಾರ್ಟ್ ಆಯಿತು. ಕಾಕಾ ಕಟ್ಟೆ ಮೇಲೆ ಕೂತಿದ್ದರು, ಸದ್ದು ಕೇಳಿ ಎದ್ದು ಬಂದರು.

ಹಳೇಹುಬ್ಬಳ್ಳಿ:

ಬಹಳ ಸಂತೋಷ ಆಯಿತು. ಈ ಬ್ಯಾಟರಿಯೂ ಸ್ವಲ್ಪ ಪೆಟ್ಟು ತಿಂದಿದೆ. ಒಮ್ಮೆ ಹೊರಗೆ ನಿಧಾನವಾಗಿ ಚಾರ್ಜ್ ಮಾಡಿಸಿ. 5 ಆಂಪಿಯರ್ ಅವರ್ ಬ್ಯಾಟರಿಯಾದರೆ ಅರ್ಧ ಆಂಪಿಯರ್‌ಗಿಂತ ಜಾಸ್ತಿ ಕೊಡಬೇಡಿ ಅಂತ ಹೇಳಿ. ನೀರು ಹಾಕುವ ಬ್ಯಾಟರಿಯಾದರೆ ತಿಂಗಳಿಗೊಮ್ಮೆ ಮಟ್ಟ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ನಳದ ನೀರು ಬೇಡ. ಕಾಕಾನಿಗೆ ನಮಸ್ಕಾರ ತಿಳಿಸಿ.