ಮಗಳಿಗೆ 18 ತುಂಬುತ್ತಿದೆ: ಮೊದಲ ಡಿಎಲ್ ಮಾಡಿಸುವ ಕ್ರಮ ಹೇಗೆ?

ಹೇಮಾವತಿ ದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ. ಮಗಳಿಗೆ ಮುಂದಿನ ತಿಂಗಳು 18 ತುಂಬುತ್ತೆ. ಓದ್ತಿರೋದು ಮೈಸೂರಲ್ಲಿ, ಹಾಸ್ಟೆಲ್ ವಾಸ. ಮನೇಲಿ ಒಂದು ಆಕ್ಟಿವಾ, ಒಂದು ಆಲ್ಟೊ ಇದೆ. ಎರಡಕ್ಕೂ ಒಂದೇ ಸಲ ಅರ್ಜಿ ಹಾಕಬಹುದಾ? ಹಾಸನದಲ್ಲಿ ಹಾಕೋದೋ ಮೈಸೂರಲ್ಲೋ? ಏಜೆಂಟ್ ಬೇಕೇ ಬೇಕಾ? ಟೆಸ್ಟ್‌ನಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ? ಇನ್ನೊಂದು, ಮಗನಿಗೆ 16. ಅವನಿಗೂ ಈಗಲೇ ಲೈಸೆನ್ಸ್ ಸಿಗುತ್ತೆ ಅಂತ ಹಟ ಹಿಡಿದಿದ್ದಾನೆ. ಹೌದಾ?

ಕೆಎ-13 ಸವಾರ

ಒಂದೇ ಅರ್ಜಿಯಲ್ಲಿ ಎರಡಕ್ಕೂ ಹಾಕಬಹುದು. ಸಾರಥಿ ಪರಿವಾಹನ್ ಜಾಲತಾಣದಲ್ಲಿ ಕರ್ನಾಟಕ ಆಯ್ದುಕೊಂಡು ಕಲಿಕಾ ಲೈಸೆನ್ಸ್ ಅಂದರೆ ಎಲ್‌ಎಲ್‌ಗೆ ಅರ್ಜಿ ತುಂಬಿ. ಅರ್ಜಿ ಹಾಕುವ ದಿನಕ್ಕೆ 18 ತುಂಬಿರಲೇಬೇಕು, ಒಂದು ದಿನ ಮೊದಲೂ ನಡೆಯಲ್ಲ.

ಆಧಾರ್ ಇ-ಕೆವೈಸಿ (ಆಧಾರ್ ಒಟಿಪಿಯಿಂದ ಗುರುತು ಖಚಿತಪಡಿಸೋದು) ಮೂಲಕ ಹೋದರೆ ಎಲ್‌ಎಲ್ ಪರೀಕ್ಷೆ ಮನೆಯಲ್ಲೇ ಕೂತು ಬರೆಯಬಹುದು, ಆರ್‌ಟಿಒ ಕಚೇರಿಗೆ ಹೋಗಬೇಕಿಲ್ಲ. ಆದರೆ ಮಕ್ಕಳ ವಿಷಯದಲ್ಲಿ ಮೊದಲ ಅಡ್ಡಿ ಬರೋದೇ ಆಧಾರ್‌ನಿಂದ. ಒಟಿಪಿ ಆಧಾರ್‌ಗೆ ಜೋಡಿಸಿದ ನಂಬರಿಗೆ ಬರುತ್ತೆ. ಎಷ್ಟೋ ಮನೆಗಳಲ್ಲಿ ಅದು ಅಪ್ಪನ ಹಳೇ ನಂಬರ್ ಆಗಿರುತ್ತೆ, ಸಿಮ್ ಯಾವತ್ತೋ ಬಂದ್ ಆಗಿರುತ್ತೆ. 15 ವರ್ಷಕ್ಕೆ ಮಾಡಿಸಬೇಕಾದ ಬಯೋಮೆಟ್ರಿಕ್ ನವೀಕರಣ ಬಿಟ್ಟುಹೋಗಿದ್ದರೆ ಫೋಟೋ ಇನ್ನೂ ಚಿಕ್ಕಂದಿನದೇ ಇರುತ್ತೆ. ಇ-ಕೆವೈಸಿಯಲ್ಲಿ ಎಲ್‌ಎಲ್ ಮೇಲೆ ಅಚ್ಚಾಗೋದು ಅದೇ ಫೋಟೋ, ಪರೀಕ್ಷೆ ವೇಳೆ ಕ್ಯಾಮೆರಾದಲ್ಲಿ ಮುಖ ಹೋಲಿಸುವಾಗಲೂ ತಕರಾರು ಬರುತ್ತೆ. ಇನ್ನೂ ಒಂದು ತಿಂಗಳಿದೆ, ಈಗಲೇ ಆಧಾರ್ ಕೇಂದ್ರಕ್ಕೆ ಹೋಗಿ ಇವೆರಡನ್ನೂ ಸರಿಮಾಡಿಸಿಬಿಡಿ.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇದ್ದು ಆಧಾರ್‌ನಲ್ಲಿ ಇಲ್ಲದಿದ್ದರೆ, ಅಥವಾ ಆಧಾರ್‌ನಲ್ಲಿ ಜನ್ಮದಿನಾಂಕದ ಬದಲು ಬರೀ ಇಸವಿ ಇದ್ದರೆ, ಅದನ್ನೂ ಮೊದಲೇ ಸರಿಪಡಿಸಿ. ಡಿಎಲ್ ಬಂದ ಮೇಲೆ ತಿದ್ದಿಸೋದು ಇನ್ನೊಂದು ಅರ್ಜಿ, ಇನ್ನೊಂದು ಶುಲ್ಕ.

ಕೇಂದ್ರದ ನಿಯಮದಲ್ಲಿರುವ ಶುಲ್ಕ: ಎಲ್‌ಎಲ್‌ಗೆ ಒಂದೊಂದು ವರ್ಗಕ್ಕೆ 150 ರೂಪಾಯಿ, ಎಲ್‌ಎಲ್ ಪರೀಕ್ಷೆಗೆ 50. ಆಮೇಲೆ ಚಾಲನಾ ಪರೀಕ್ಷೆಗೆ ವರ್ಗಕ್ಕೆ 300, ಡಿಎಲ್ ನೀಡಲು 200. ನಿಮ್ಮ ಅರ್ಜಿಗೆ ಒಟ್ಟು ಎಷ್ಟು ಅನ್ನೋದು ಪಾವತಿ ಪುಟದಲ್ಲೇ ಬರುತ್ತೆ. ಯಾರಾದರೂ ಅದಕ್ಕಿಂತ ಹೆಚ್ಚು ಕೇಳಿದರೆ ಅದು ಸರ್ಕಾರದ ಶುಲ್ಕವಲ್ಲ ಅಂತ ತಿಳ್ಕೊಳ್ಳಿ. ಏಜೆಂಟ್ ಬೇಡವೇ ಬೇಡ. ಮಗಳು ತಾನೇ ಕೂತು ಅರ್ಜಿ ತುಂಬಲಿ, 18 ತುಂಬಿದವರಿಗೆ ಅದೇನೂ ಕಷ್ಟದ ಕೆಲಸವಲ್ಲ.

ಊರಿನ ವಿಷಯ: ಆಧಾರ್ ವಿಳಾಸ ಹಾಸನದ್ದೇ ಆಗಿದ್ದರೆ ಹಾಸನವನ್ನೇ ಆಯ್ದುಕೊಳ್ಳಿ. ಮೈಸೂರಲ್ಲಿ ಮಾಡಿಸೋದಾದರೆ ಅಲ್ಲಿನ ವಾಸದ ದಾಖಲೆ ಕೇಳಬಹುದು. ಕಾರ್ಡ್ ಅಂಚೆಯಲ್ಲಿ ಬರೋದ್ರಿಂದ ಹಾಸ್ಟೆಲ್ ವಿಳಾಸ ಕೊಟ್ಟರೆ ರಜೆಯಲ್ಲಿ ಬಂದು ವಾಪಸ್ ಹೋದೀತು. ಎಲ್‌ಎಲ್ ಸಿಕ್ಕಿ 30 ದಿನ ಆಗುವವರೆಗೆ ಡಿಎಲ್ ಪರೀಕ್ಷೆ ಇಲ್ಲ, 6 ತಿಂಗಳು ದಾಟಿದರೆ ಎಲ್‌ಎಲ್ ಮುಗಿದು ಹೊಸದಾಗಿ ಶುರು ಮಾಡಬೇಕು. ಸೆಮಿಸ್ಟರ್ ರಜೆ ಯಾವಾಗ ಅಂತ ನೋಡಿ ಅದಕ್ಕೆ ಒಂದೂವರೆ ಎರಡು ತಿಂಗಳು ಮುಂಚೆ ಎಲ್‌ಎಲ್ ಮಾಡಿಸಿದರೆ ರಜೆಯಲ್ಲೇ ಟೆಸ್ಟ್ ಕೊಡಬಹುದು. ಸ್ಲಾಟ್ ಬೇಗ ತುಂಬುತ್ತೆ, ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡಿ.

ನಿಧಾನವೇ ಪ್ರಧಾನ

ಮಗನ ಪ್ರಶ್ನೆಗೆ ನಾನು ಉತ್ತರಿಸ್ತೀನಿ, ಯಾಕಂದ್ರೆ ಇದರಲ್ಲಿ ಅಪ್ಪ ಅಮ್ಮನ ತಲೆಗೇ ಬರೋ ವಿಷಯ ಇದೆ.

ಅವನು ಹೇಳ್ತಿರೋದು ಅರ್ಧ ನಿಜ. 1988ರ ಮೋಟಾರು ವಾಹನ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ 16 ತುಂಬಿದವರು 50 ಸಿಸಿ ಮೀರದ ಬೈಕ್ ಓಡಿಸಬಹುದು. ಆದರೆ ಆಕ್ಟಿವಾ ಸುಮಾರು 110 ಸಿಸಿ. 50 ಸಿಸಿ ಲೈಸೆನ್ಸ್ ಜೇಬಲ್ಲಿಟ್ಟುಕೊಂಡು ಆಕ್ಟಿವಾ ಓಡಿಸಿದರೆ ಕಾನೂನಿನ ಕಣ್ಣಲ್ಲಿ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೇ. ಇವತ್ತು ಶೋರೂಮಿನಲ್ಲಿ 50 ಸಿಸಿ ಗಾಡಿ ಹುಡುಕಿದರೂ ಸಿಗೋದು ಕಷ್ಟ, ಹಾಗಾಗಿ ಆ ಲೈಸೆನ್ಸಿನಿಂದ ನಿಮಗೆ ಪ್ರಯೋಜನ ಇಲ್ಲ.

2019ರ ತಿದ್ದುಪಡಿಯಲ್ಲಿ 199ಎ ಅಂತ ಹೊಸ ಸೆಕ್ಷನ್ ಬಂತು. ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧ ಎಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ಆಗುವವರೆಗೆ ಕಲಿಕಾ ಲೈಸೆನ್ಸೂ ಇಲ್ಲ. ಈ ಕೊನೆಯದನ್ನು ಮಗನಿಗೆ ಓದಿ ಹೇಳಿ. ಇನ್ನೆರಡು ವರ್ಷ ಕಾಯೋದೋ, ಇಲ್ಲಾ ಒಂಬತ್ತು ವರ್ಷ ಕಾಯೋದೋ ಅಂತ ಅವನೇ ಲೆಕ್ಕ ಹಾಕಲಿ.

ಲೈಸೆನ್ಸ್ ಬೇಡದ ಎಲೆಕ್ಟ್ರಿಕ್ ಸ್ಕೂಟರ್ ಅಂತ ಅಂಗಡಿಯವರು ತೋರಿಸ್ತಾರೆ. ಮೋಟಾರ್ ಶಕ್ತಿ 250 ವ್ಯಾಟ್ ಒಳಗೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಒಳಗೆ ಇದ್ದರೆ ಆ ಮಾತು ಸರಿ. ವೇಗದ ಮಿತಿಯನ್ನು ಅಂಗಡಿಯಲ್ಲೇ ತೆಗೆಸಿ 40ರಲ್ಲಿ ಓಡಿಸಿದರೆ ಅದು ಮೋಟಾರು ವಾಹನವೇ, ಮೇಲಿನ ಶಿಕ್ಷೆಯೆಲ್ಲ ಅನ್ವಯಿಸುತ್ತೆ.

ಹಾಫ್ ಕ್ಲಚ್

ಟೆಸ್ಟ್ ಬಗ್ಗೆ ಬರೀತೀನಿ. ಮೊದಲು ವರ್ಗದ ಆಯ್ಕೆ, ಇಲ್ಲೇ ತುಂಬಾ ಜನ ಎಡವುತ್ತಾರೆ. ದ್ವಿಚಕ್ರದಲ್ಲಿ ಗೇರ್ ಇಲ್ಲದ್ದು, ಗೇರ್ ಇರುವುದು ಅಂತ ಎರಡಿದೆ. ಗೇರ್ ಇರುವ ವರ್ಗಕ್ಕೆ ಎಲ್‌ಎಲ್ ಮಾಡಿಸಿ ಟೆಸ್ಟಿಗೆ ಆಕ್ಟಿವಾ ತಂದರೆ ಆಗಲ್ಲ, ಅದಕ್ಕೆ ಗೇರ್ ಬೈಕೇ ಬೇಕು. ಮಗಳು ಮುಂದೆ ಬೈಕ್ ಓಡಿಸುವ ಸಾಧ್ಯತೆ ಇದ್ದರೆ ಈಗಲೇ ಗೇರ್ ಬೈಕ್ ಕಲಿತು ಆ ವರ್ಗಕ್ಕೇ ಹಾಕೋದು ಒಳ್ಳೇದು. ಇಲ್ಲದಿದ್ದರೆ ಗೇರ್ ರಹಿತ ದ್ವಿಚಕ್ರ ಮತ್ತು ಲಘು ವಾಹನ (ಕಾರಿನ ವರ್ಗ), ಇವೆರಡು ಸಾಕು.

ಸ್ಕೂಟರಿನಲ್ಲಿ ಎಂಟು ಹಾಕುವಾಗ, ಅಂದರೆ 8ರ ಆಕಾರದಲ್ಲಿ ಓಡಿಸುವಾಗ, ಕಾಲು ನೆಲಕ್ಕೆ ತಾಗಿದರೆ ಫೇಲ್. ಕಾಲು ಯಾಕೆ ಇಳಿಯುತ್ತೆ? ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಪೂರ್ತಿ ಬಿಡ್ತಾರೆ, ವೇಗ ಸತ್ತು ಗಾಡಿ ವಾಲುತ್ತೆ. ಆಕ್ಸಿಲರೇಟರ್ ಸ್ವಲ್ಪ, ಒಂದೇ ಸಮ ಹಿಡಿದು, ವೇಗವನ್ನು ಎಡಗೈ ಬ್ರೇಕ್ ಸವರಿ ಹಿಡಿತದಲ್ಲಿ ಇಟ್ಟುಕೊಳ್ಳಬೇಕು. 2019ರ ಏಪ್ರಿಲ್ ನಂತರದ ಗಾಡಿಯಾದರೆ ಎಡ ಬ್ರೇಕ್ ಒತ್ತಿದಾಗ ಮುಂದಿನ ಚಕ್ರಕ್ಕೂ ಬ್ರೇಕ್ ಬೀಳುತ್ತೆ, ಜೋರಾಗಿ ಒತ್ತಿದರೆ ಹ್ಯಾಂಡಲ್ ಒಳಕ್ಕೆ ಎಳೆಯುತ್ತೆ. ತಿರುವಿನಲ್ಲಿ ಬಲಗೈ ಬ್ರೇಕ್ ಮುಟ್ಟಲೇಬಾರದು. ಕಣ್ಣು ಮುಂದಿನ ಚಕ್ರದ ಮೇಲೆ ಇರಬಾರದು, ಎಲ್ಲಿಗೆ ಹೋಗಬೇಕೋ ಅಲ್ಲಿರಬೇಕು. ಖಾಲಿ ಮೈದಾನದಲ್ಲಿ ಎರಡು ಇಟ್ಟಿಗೆ ದೂರ ದೂರ ಇಟ್ಟು ಸುತ್ತಿಸಿ, ಕೈ ಕೂತ ಹಾಗೆಲ್ಲ ಇಟ್ಟಿಗೆ ಹತ್ತಿರ ತನ್ನಿ.

ಆಲ್ಟೊದಲ್ಲಿ ಕಷ್ಟ ಎರಡೇ: ರಿವರ್ಸ್ ಮತ್ತು ಏರು. ರಿವರ್ಸ್‌ಗೆ ಆಕ್ಸಿಲರೇಟರ್ ಬೇಡ. ಸಮತಟ್ಟು ಜಾಗದಲ್ಲಿ ಕ್ಲಚ್ ಅರ್ಧ ಮಾತ್ರ ಬಿಟ್ಟು, ಬರೀ ಹಾಫ್ ಕ್ಲಚ್‌ನಲ್ಲಿ ಕಾರು ತೆವಳುತ್ತೆ, ಸ್ಟೀರಿಂಗ್ ಕಡೆ ಗಮನ ಕೊಡೋಕೆ ಸಮಯ ಸಿಗುತ್ತೆ. ಹಿಂದಿನ ಚಕ್ರ ಗೆರೆಗೆ ಎಷ್ಟು ಹತ್ತಿರ ಇದೆ ಅಂತ ಎರಡೂ ಕನ್ನಡಿಯಲ್ಲಿ ಕಾಣೋ ಹಾಗೆ ಮೊದಲೇ ಹೊಂದಿಸಿಕೊಳ್ಳಿ. ಏರಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಮೊದಲ ಗೇರ್ ಹಾಕಿ, ಕ್ಲಚ್ ಬಿಡ್ತಾ ಬಂದು ಮುಂಭಾಗ ಸ್ವಲ್ಪ ಎದ್ದಂತೆ ಅನಿಸಿದಾಗ ಆಕ್ಸಿಲರೇಟರ್ ಕೊಟ್ಟು ಹ್ಯಾಂಡ್ ಬ್ರೇಕ್ ಇಳಿಸಿ. ಮೊದಲೇ ಇಳಿಸಿದರೆ ಕಾರು ಹಿಂದಕ್ಕೆ ಜಾರುತ್ತೆ, ತಡವಾದರೆ ಆಫ್ ಆಗುತ್ತೆ.

ಓಡಿಸೋಕೆ ಮುಂಚೆಯೇ ವಾಪಸ್ ಕಳಿಸುವ ಕಾರಣಗಳೂ ಇವೆ: ವಾಹನದ ವಿಮೆ ಅಥವಾ ಹೊಗೆ ತಪಾಸಣೆ ಪತ್ರದ ಅವಧಿ ಮುಗಿದಿರೋದು, ಎಲ್ ಬೋರ್ಡ್ ಇಲ್ಲದಿರೋದು, ಹೆಲ್ಮೆಟ್ ಪಟ್ಟಿ ಬಿಗಿಯದಿರೋದು. ಕೈ ಸಂಜ್ಞೆಗಳನ್ನೂ ಕಲಿತು ಹೋಗಲಿ, ಇನ್‌ಸ್ಪೆಕ್ಟರ್ ಕೇಳಬಹುದು.

ಹೇಮಾವತಿ ದಂಡೆ

ತುಂಬಾ ಉಪಕಾರ ಆಯ್ತು. ಎರಡು ಸಂದೇಹ ಉಳೀತು. ಎಲ್‌ಎಲ್ ಇದ್ದಾಗ ಮಗಳು ಗೆಳತಿಯನ್ನ ಕೂರಿಸಿಕೊಂಡು ಕಾಲೇಜಿಗೆ ಹೋಗಬಹುದಾ? ಟೆಸ್ಟ್ ಫೇಲ್ ಆದರೆ ಎಲ್ಲ ಮೊದಲಿಂದ ಮಾಡಬೇಕಾ?

ಕೆಎ-13 ಸವಾರ

ಗೆಳತಿಯನ್ನ ಕೂರಿಸಬಾರದು. ಎಲ್‌ಎಲ್ ಇರುವವರ ಹಿಂದೆ ಕೂರುವವರು ಲೈಸೆನ್ಸ್ ಇದ್ದು ಕಲಿಸಲು ಬಂದವರೇ ಆಗಿರಬೇಕು. ಕಾರಿನಲ್ಲೂ ಪಕ್ಕದಲ್ಲಿ ಅಂಥವರು ಇರಲೇಬೇಕು. ಈ ಷರತ್ತು ಮುರಿದು ಅಪಘಾತವಾದರೆ ವಿಮಾ ಕಂಪನಿ ತಕರಾರು ತೆಗೆಯುತ್ತೆ. ಎಲ್ ಬೋರ್ಡ್ ಮುಂದೆ ಹಿಂದೆ ಎರಡೂ ಕಡೆ ಇರಲಿ: ಕನಿಷ್ಠ 18 ಸೆಂಟಿಮೀಟರ್ ಚೌಕದ ಬಿಳಿ ಹಲಗೆ, ಅದರ ಮೇಲೆ ಕನಿಷ್ಠ 10 ಸೆಂಟಿಮೀಟರ್ ಎತ್ತರದ ಕೆಂಪು ಅಕ್ಷರ.

ಫೇಲ್ ಆದರೆ ಮೊದಲಿಂದ ಬೇಡ. 7 ದಿನ ಬಿಟ್ಟು ಮತ್ತೆ ಟೆಸ್ಟ್ ಕೊಡಬಹುದು, ಪರೀಕ್ಷಾ ಶುಲ್ಕ ಮಾತ್ರ ಮತ್ತೆ ಕಟ್ಟಬೇಕು. ಮೂರು ಸಲ ಫೇಲ್ ಆದರೆ 60 ದಿನ ಕಾಯಬೇಕು, ಅಷ್ಟರಲ್ಲಿ ಎಲ್‌ಎಲ್ ಅವಧಿ ಮುಗಿಯದಂತೆ ನೋಡಿಕೊಳ್ಳಿ.

ಹಾಫ್ ಕ್ಲಚ್

ಒಂದು ಮಾತು ಸೇರಿಸ್ತೀನಿ. ಮಗಳಿಗೆ ಕನ್ನಡಕ ಇದ್ದರೆ ಟೆಸ್ಟಿಗೆ ಹಾಕಿಕೊಂಡೇ ಹೋಗಲಿ. ನಮೂನೆ 1ರಲ್ಲಿ (ದೈಹಿಕ ಅರ್ಹತೆಯ ಸ್ವಯಂ ಘೋಷಣೆ), 25 ಮೀಟರ್ ದೂರದ ನಂಬರ್ ಪ್ಲೇಟ್ ಹಗಲಲ್ಲಿ ಓದಬಲ್ಲಿರಾ ಅಂತ ಕೇಳಿ ಸಹಿ ಹಾಕಿಸಿಕೊಳ್ತಾರೆ. ಮನೆ ಮುಂದೆ 25 ಮೀಟರ್ ಅಳೆದು ಒಂದು ಸಲ ಓದಿಸಿ ನೋಡಿ. 18ಕ್ಕೆ ಮಾಡಿಸಿದ ಡಿಎಲ್ 40 ತುಂಬುವವರೆಗೂ ನಡೆಯುತ್ತೆ, ಕಾರ್ಡ್ ಬಂದ ದಿನವೇ ಹೆಸರು, ಜನ್ಮದಿನಾಂಕ, ರಕ್ತದ ಗುಂಪು, ವಾಹನ ವರ್ಗ ಎಲ್ಲ ಸರಿ ಇದೆಯಾ ನೋಡಿಕೊಂಡು ಡಿಜಿಲಾಕರ್‌ಗೂ ಸೇರಿಸಿಬಿಡಿ.